ಗರಗಸ ಹಿಡಿದು ಕಂಪ್ಲಿಗೆ ಹೋದದ್ದು

ಯುದ್ಧದ ಕಾಲ. ಅಪ್ಪ ತೀರಿಕೊಂಡ ಮೇಲೆ ಹೊಸಪೇಟೆಯ ನಮ್ಮ ಬಡಗಿ ಕೆಲಸವೆಲ್ಲ ನನ್ನ ಮೇಲೆ ಬಿದ್ದಿತ್ತು. ಅಕ್ಕಿ ವ್ಯಾಪಾರಿಯೊಬ್ಬರಿಗೆ ಬಂಡಿ ಮಾಡಿಕೊಡಲು ಒಪ್ಪಿಕೊಂಡು ಜಾಲಿಯ ದಿಮ್ಮಿ ಸೀಳಲು ಕೂತರೆ, ಗೇಣುದ್ದ ಇಳಿಯುವಷ್ಟರಲ್ಲಿ ಗರಗಸ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅರ ಹಾಕಿ ಹಲ್ಲು ಎಷ್ಟು ಚೂಪು ಮಾಡಿದರೂ ಅದೇ ಕಥೆ. ಜೋರು ಮಾಡಿದರೆ ಮುರಿದೀತು. ಇನ್ನೊಂದು ಬಿಲಾತಿ ಗರಗಸ ಆಗ ಬಳ್ಳಾರಿಯಲ್ಲೂ ಸಿಗುತ್ತಿರಲಿಲ್ಲ.

ಇದನ್ನು ಬಲ್ಲವರು ಕಂಪ್ಲಿಯಲ್ಲಿದ್ದರು. ಅಪ್ಪನ ಜೊತೆ ವರ್ಷಗಟ್ಟಲೆ ಗರಗಸ ಎಳೆದ ಮುದುಕರು. ಒಮ್ಮೆ ಸಂತೆಯಲ್ಲಿ ಎಲ್ಲರೆದುರು ಅಪ್ಪ ಅವರಿಗೆ ಬಾಯಿಗೆ ಬಂದಂತೆ ಬೈದಿದ್ದ. ಅಂದಿನಿಂದ ಮಾತಿಲ್ಲ. ಅಪ್ಪ ಸತ್ತಾಗ ಮನೆಯಿಂದ ಅವರಿಗೆ ಸುದ್ದಿಯೂ ಹೋಗಿರಲಿಲ್ಲ. ಬೇರೆ ದಾರಿ ಕಾಣದೆ ಹೋದೆ.

“ಯಾವೂರಪಾ?” ಎಂದು ಕೇಳಿದರು.

ಅಪ್ಪನ ಹೆಸರು ಹೇಳಲು ನಾಚಿಕೆಯಾಗಿ “ಸಂಡೂರ್ರಿ” ಎಂದುಬಿಟ್ಟೆ.

“ಕುಂದ್ರು. ಮೊದ್ಲು ನೀರು ಕುಡಿ.”

ಗರಗಸವನ್ನು ಬೆಳಕಿಗೆ ಹಿಡಿದು ಹಲ್ಲಿನ ಸಾಲು ನೋಡಿದರು.

“ದಿಮ್ಮಿ ಹಸಿ ಐತೇನು?”

“ಹೌದ್ರಿ.”

“ಹಲ್ಲು ಭಾಳ ಚೂಪು ಮಾಡೀದಿ, ಆದ್ರ ಎಲ್ಲಾ ಒಂದ ಗೆರಿಗೆ ನಿಂತಾವು. ಹಸಿ ಮರ ಅಲಗು ಹಿಡಕೋತೈತಿ. ಒಂದು ಹಲ್ಲು ಎಡಕ್ಕ, ಒಂದು ಬಲಕ್ಕ ಬಗ್ಗಸು. ಅಲಗಿಗೆ ಆಡಾಕ ಜಾಗ ಆಗ್ತೈತಿ. ತುದಿಯಷ್ಟ ಬಗ್ಗಸು ಮತ್ತ, ಬುಡಕ್ಕ ಕೈ ಹಾಕಬ್ಯಾಡ, ಮುರೀತೈತಿ.”

ಕೆಲವು ಹಲ್ಲು ತಾವೇ ಬಗ್ಗಿಸಿ, ಉಳಿದದ್ದನ್ನು ನನ್ನಿಂದ ಮಾಡಿಸಿದರು. ಅಂಗಳದಲ್ಲಿದ್ದ ಹಸಿ ಕೊರಡಿನ ಮೇಲೆ ಎಳೆದೆ, ಸಲೀಸಾಗಿ ಇಳಿಯಿತು. ಅವರ ಹೆಂಡತಿ ರೊಟ್ಟಿ ಬಡಿಸಿದರು. ಉಂಡು ಹೊರಟಾಗ ಮುದುಕರು ಬಾಗಿಲ ತನಕ ಬಂದರು.

“ಅವ್ವ ಆರಾಮದಾಳೇನು?”

ನಾನು ತಲೆ ತಗ್ಗಿಸಿದೆ. ಅವರಿಗೆ ಮೊದಲೇ ಗುರುತು ಸಿಕ್ಕಿತ್ತು.

“ನಿಮ್ಮಪ್ಪ ಹೋದದ್ದು ಯಾರೋ ಗಾಡಿಯವ್ರು ಹೇಳಿದ್ರು. ಅಷ್ಟರಾಗ ಮಣ್ಣು ಆಗಿತ್ತು. ಹೇಳಿ ಕಳಿಸಿದ್ರ ನಾನೂ ಬಂದು ಹೆಗಲು ಕೊಡ್ತಿದ್ನಲ್ಲೋ.”

ಕಾಲು ಮುಟ್ಟಿ ಹೊರಟೆ. ದಾರಿಯುದ್ದಕ್ಕೂ, ಉಂಡ ರೊಟ್ಟಿಯೇ ನನ್ನನ್ನು ಬೈಯುತ್ತಿದೆ ಎನ್ನಿಸಿತು.

ಬಂಡಿ ಮುಗಿಯಿತು. ಆಮೇಲೆ ಉಳಿ ಕೊಳ್ಳಲಿ, ಬಾಚಿ ಕೊಳ್ಳಲಿ, ಅವರನ್ನು ಕೇಳದೆ ಕೊಂಡದ್ದಿಲ್ಲ. ಮುಂದಿನ ಸಲ ಅವ್ವನನ್ನೂ ಕರೆದೊಯ್ದೆ. ಅವ್ವನೂ ಮುದುಕರೂ ಅಪ್ಪನ ಮಾತು ತೆಗೆದು ನಕ್ಕರು, ಅತ್ತರು. ಎದುರಿಗೆ ಕೂರಲಾರದೆ ನಾನು ಹಿತ್ತಲಿಗೆ ಹೋಗಿ, ಅವರ ಮನೆಯ ಸೌದೆ ಒಡೆಯುತ್ತ ನಿಂತೆ.