ಹೊಲ ಸೀಳಿಕೊಟ್ಟ ದೊಡ್ಡವ್ವ

ಮೊನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯ ಬೀಜದ ಅಂಗಡಿಯಲ್ಲಿ ಡಯಾಂಚದ ಚೀಲ ಬಿಚ್ಚಿದರು. ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸಣ್ಣ ಬೀಜ. ಮುಷ್ಟಿ ತುಂಬ ತೆಗೆದು ಮೂಸಿದೆ. ಒಣ ಸೊಪ್ಪಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬದುವಿನ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತ ನಮ್ಮ ಪಕ್ಕದ ಹೊಲದ ದೊಡ್ಡವ್ವ ಕಣ್ಣಮುಂದೆ ಬಂದಳು. ಆಕೆ ಇದನ್ನು ಡಯಾಂಚ ಎಂದವಳೇ ಅಲ್ಲ. ಆದೋನಿ ಕಡೆಯಿಂದ ನಮ್ಮೂರು ಬಾದನಹಟ್ಟಿಗೆ ಸೊಸೆಯಾಗಿ ಬಂದವಳು, ಕೊನೆಯವರೆಗೂ ತೆಲುಗಿನ ‘ಜೀಲುಗ’ವನ್ನೇ ಬಿಡಲಿಲ್ಲ.

ನಿಜ ಹೇಳಬೇಕೆಂದರೆ ಚಿಕ್ಕಂದಿನಲ್ಲಿ ನಮಗೆ ಆಕೆಯನ್ನು ಕಂಡರಾಗುತ್ತಿರಲಿಲ್ಲ. ಬದುವಿನ ಒಂದು ಗೇಣು ಮಣ್ಣಿಗಾಗಿ ಅಪ್ಪನ ಜೊತೆ ವರ್ಷಗಟ್ಟಲೆ ಜಗಳ. ಬಾಯಿ ಎಂದರೆ ಬಾಯಿ! ಕುರುಗೋಡಿನ ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದಳು.

ಆಗ ನಮ್ಮ ಹೊಲ ಸವಳಾಗುತ್ತಿತ್ತು. ಕಾಲುವೆ ನೀರು ಬಂದಾಗಲೆಲ್ಲ ಅಪ್ಪ ಭತ್ತಕ್ಕೆಂದು ಮಡಿ ತುಂಬ ನಿಲ್ಲಿಸುತ್ತಿದ್ದ. ನೆಲದ ಮೇಲೆ ಉಪ್ಪು ಬೆಳ್ಳಗೆ ಎದ್ದರೆ, ತೊಳೆದು ಹೋಗಲಿ ಎಂದು ಇನ್ನಷ್ಟು ನೀರು ಬಿಡುತ್ತಿದ್ದ. ಹೊರಹೋಗಲು ದಾರಿಯೇ ಇಲ್ಲದ ನೀರು ಉಪ್ಪನ್ನು ಎಲ್ಲಿಗೆ ಒಯ್ಯಬೇಕು? ಎರೆಹುಳು ಸತ್ತವು, ಬೆಳ್ಳಕ್ಕಿಗಳು ಇಳಿಯುವುದನ್ನೇ ಬಿಟ್ಟವು, ಪೈರು ಸುಟ್ಟಂತಾಯಿತು. ಹೊಲ ಮಾರಿ, ಬಳ್ಳಾರಿಗೆ ಹೋಗಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರುವುದೆಂದು ಅಪ್ಪ ಗಟ್ಟಿ ಮಾಡಿದ.

ಬಸಿಗಾಲುವೆ ತೋಡಿ ಉಪ್ಪುನೀರನ್ನು ಹಳ್ಳಕ್ಕೆ ಬಿಟ್ಟರೆ ಹೊಲ ಉಳಿಯುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ಹಳ್ಳಕ್ಕೂ ನಮಗೂ ನಡುವೆ ಇದ್ದದ್ದು ದೊಡ್ಡವ್ವನ ಮೆಣಸಿನಕಾಯಿ ಹೊಲ. ಯಾವ ಮುಖ ಇಟ್ಟುಕೊಂಡು ಕೇಳುವುದು?

ಕೇಳುವ ಮೊದಲೇ ಆಕೆ ಬಂದಳು. ಹೊಲ ಕೊಳ್ಳುವವರು ನೋಡಿಕೊಂಡು ಹೋದ ಸಂಜೆಯೇ ಬದುವಿನ ಮೇಲೆ ನಿಂತು ಕೂಗಿದಳು.

“ಲೇ ತಮ್ಮಾ, ಮಾರ್ತೀಯಂತಲ್ಲೋ! ನೀ ಹೋದ್ರ ನಾ ಯಾರ ಕೂಡ ಜಗಳ ಆಡ್ಲಿ?”

“ಭೂಮಿ ಸತ್ತೈತಿ ಯಕ್ಕಾ,” ಎಂದ ಅಪ್ಪ, ತಲೆ ಎತ್ತದೆ.

“ಸತ್ತಿಲ್ಲ, ಉಸಿರು ಕಟ್ಟೈತಿ. ನನ್ನ ಹೊಲದಾಗ ಕಾಲುವಿ ತೋಡು. ಗಿಡ ನಾನೇ ಕೀಳ್ತೀನಿ.”

ಕಿತ್ತಳು ಕೂಡ. ಹಸಿಕಾಯಿ ತೂಗುತ್ತಿದ್ದ ಗಿಡಗಳನ್ನು ಸಾಲು ಹಿಡಿದು ಕೀಳುತ್ತ, ಅಪ್ಪನನ್ನು ಬೈಯುತ್ತಲೇ ಇದ್ದಳು. ಅಪ್ಪ ಅಳುತ್ತಿದ್ದ. ಅದನ್ನು ನೋಡಿದ ನಾಲ್ಕು ಮನೆಯವರು ಸಲಿಕೆ ಹಿಡಿದು ಬಂದರು. ಮಳೆ ಬಿದ್ದ ಮೇಲೆ ಭತ್ತದ ಸುದ್ದಿ ಎತ್ತದೆ ಜೀಲುಗ ಬಿತ್ತಿದೆವು, ಹೂ ಬರುವಾಗ ಮಣ್ಣಿಗೇ ಮಗುಚಿದೆವು. ಕುರಿಯವರನ್ನು ಕರೆದು, ಗೊಬ್ಬರವಾಗಲೆಂದು ರಾತ್ರಿ ಹೊಲದಲ್ಲಿ ಹಿಂಡು ತರುಬಿಸಿದೆವು. ಕಾಲುವೆಯ ದಂಡೆಗೆ ಹೊಂಗೆ ನೆಟ್ಟೆವು. ನಿಧಾನಕ್ಕೆ ಮಣ್ಣು ಮೆತ್ತಗಾಯಿತು. ನೇಗಿಲ ಹಿಂದೆ ಬೆಳ್ಳಕ್ಕಿಗಳು ಇಳಿದ ದಿನ ಅವ್ವ ಓಡಿಹೋಗಿ ದೊಡ್ಡವ್ವನನ್ನು ಕರೆತಂದಳು.

ಆ ಹೊಲದ ಮೊದಲ ಜೋಳದ ರೊಟ್ಟಿ ಆಕೆಗೇ ಹೋಯಿತು. ಪಲ್ಯ ಹಚ್ಚಿ ತಿಂದವಳು, “ಉಪ್ಪು ಸಾಲದು. ಹೊಲದ ತುಂಬಾ ಇತ್ತಲ್ಲ, ಎಲ್ಲಾ ಹಳ್ಳಕ್ಕ ಬಿಟ್ರೇನು?” ಎಂದು ನಕ್ಕಳು. ಗೇಣು ಬದುವಿನ ಜಗಳವನ್ನು ಮಾತ್ರ ಮರುದಿನದಿಂದಲೇ ಮತ್ತೆ ಶುರು ಮಾಡಿದಳು.

ನಾವು ಊರು ಬಿಡಲಿಲ್ಲ. ಉಣ್ಣುವ ಪ್ರತಿ ತುತ್ತಿನಲ್ಲೂ ಆಕೆಯ ಪಾಲಿದೆ. ಬದುಕಿದ್ದಾಗ ಇದನ್ನು ಹೇಳಿದ್ದರೆ ಖಂಡಿತ ಬೈಸಿಕೊಳ್ಳುತ್ತಿದ್ದೆ...

ಈಗ ನಮ್ಮ ಮೇಲಿನ ಹೊಲ ಸವಳಾಗಿದೆ. ಆ ಹೊಲದವರು ನಮ್ಮ ಹೊಲದಲ್ಲಿ ಬಸಿಗಾಲುವೆಗೆ ದಾರಿ ಕೇಳಿದರು. ಅದಕ್ಕೇ ಬ್ರೂಸ್‌ಪೇಟೆಯಿಂದ ಅವರಿಗೂ ಸೇರಿಸಿ ಬೀಜ ತಂದೆ. ನಿನ್ನೆ ಬೆಳೆದು ನಿಂತ ಪೈರಿನ ನಡುವೆ ಹಗ್ಗ ಹಿಡಿದು ಗುರುತು ಹಾಕಿದೆವು. ಮೊದಲ ಗಿಡ ಕೀಳುವಾಗ ಕೈ ತಡೆಯಿತು. ತಿರುಗಿ ಬದುವಿನ ಕಡೆ ನೋಡಿದೆ.

ಬೈಯಲು ಅಲ್ಲಿ ಯಾರೂ ಇರಲಿಲ್ಲ. ಕಿತ್ತೆ.