ಸೂಟ್‌ಕೇಸ್ ಸಮೇತ ಹಾಡು ಕೇಳಲು

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವನು ನನ್ನ ತಮ್ಮ. ಬೆಂಗಳೂರಿನಿಂದ ಫೋನಿನಲ್ಲಿ, ಬಾಯಲ್ಲಿ ಏನೋ ಜಗಿಯುತ್ತ ಹೇಳಿದ: "ಅಕ್ಕ, ಅಮ್ಮಂಗೆ ಮಂಡಿ ನೋವು. ಬಯಲಲ್ಲಿ ಕೂತ್ಕೊಂಡು ಇಂಗ್ಲಿಷ್ ಹಾಡು ಕೇಳ್ತಾಳಾ? ಅದೂ ಇನ್ನೊಂದು ದೇಶಕ್ಕೆ ಹೋಗಿ? ಕನಸಲ್ಲೂ ಆಗಲ್ಲ ಬಿಡು." ನಾನು ಕೆಲಸ ಮಾಡಿಕೊಂಡೇ ಡಿಗ್ರಿಗೆ ಸೇರುತ್ತೇನೆ ಎಂದಾಗಲೂ ಅವನು ಹೀಗೇ ಮಾತಾಡಿದ್ದ. ಕೆಟ್ಟ ಮನಸ್ಸಲ್ಲ ಅವನದು. ಯಾವುದಾದರೂ ಆಗುತ್ತದೆ ಎಂದು ಮೊದಲೇ ನಂಬುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಮ್ಮ ಸಿಂಗಾಪುರಕ್ಕೆ ಬಂದದ್ದು ನನ್ನ ಘಟಿಕೋತ್ಸವ ನೋಡಲು. ನಾನು ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದು ಕಾಕಿ ಬುಕಿತ್‌ನ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದವಳು. ಯಾವ ಸರಕು ಯಾವ ಲಾರಿಗೆ ಎಂದು ಹೊಂದಿಸುವುದು ನನ್ನ ಕೆಲಸ. ಆ ಕೆಲಸದ ಜೊತೆಗೇ ಸಂಜೆ ಕಾಲೇಜಿನಲ್ಲಿ ವರ್ಷಗಟ್ಟಲೆ ಓದಿದೆ. ಕ್ಲಾಸು ಮುಗಿಸಿ ವುಡ್‌ಲ್ಯಾಂಡ್ಸ್‌ನ ಬಾಡಿಗೆ ರೂಮಿಗೆ ಬರುವಾಗ ಎಂಆರ್‌ಟಿ ರೈಲಿನಲ್ಲಿ ನಿದ್ದೆ ಹೋಗಿ, ಇಳಿಯುವ ಸ್ಟೇಷನ್ ದಾಟಿಹೋಗಿ, ಎದುರಿನ ರೈಲು ಹಿಡಿದು ವಾಪಸ್ ಬಂದದ್ದಕ್ಕೆ ಲೆಕ್ಕವಿಲ್ಲ. ನಮ್ಮ ವಂಶದ ಮೊದಲ ಪದವೀಧರೆ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ ಅದು.

ಇನ್ನು ಹಾಡಿನ ವಿಷಯ. ವೈಟ್‌ಫೀಲ್ಡ್‌ನಲ್ಲಿ ಕಂಪನಿಗಳು ಏಳುವ ಮೊದಲು ಅಲ್ಲಿ ಆಂಗ್ಲೋ ಇಂಡಿಯನ್ನರ ಹಳೆಯ ಮನೆಗಳಿದ್ದವು. ಅಂಥ ಒಂದು ಮನೆಯಲ್ಲಿ ಅಮ್ಮ ಅಡುಗೆಗಿದ್ದಳು. ಭಾನುವಾರ ಊಟವಾದ ಮೇಲೆ ಆ ಮನೆಯವರು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ರೆಕಾರ್ಡು ಹಾಕುತ್ತಿದ್ದರು. ಗಿಟಾರು, ಪಿಟೀಲು, ಮೂಗಿನಲ್ಲಿ ಎಳೆದು ಹಾಡುವ ಗಂಡಸು. ಕಂಟ್ರಿ ಮ್ಯೂಸಿಕ್ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ಆಮೇಲೆ. ಅಮ್ಮ ಅದಕ್ಕೆ ಕುದುರೆ ಹಾಡು ಎನ್ನುತ್ತಿದ್ದಳು, ತಾಳ ಕುದುರೆ ಓಡಿದ ಹಾಗಿರುತ್ತದೆ ಎಂದು. ಪಾತ್ರೆ ಉಜ್ಜುತ್ತ ಕೇಳಿಸಿಕೊಂಡು ಮಾತು ಅರ್ಥವಾಗದಿದ್ದರೂ ಧಾಟಿಗಳನ್ನೆಲ್ಲ ಕಲಿತಿದ್ದಳು.

ನಮ್ಮ ಗೋದಾಮಿನ ಮ್ಯಾನೇಜರ್ ಗಡಿಯಾಚೆ ಮಲೇಷ್ಯಾದ ಜೊಹೊರ್‌ನಿಂದ ದಿನವೂ ಬಂದುಹೋಗುವ ಚೀನೀ ಅಂಕಲ್. ಊಟದ ಹೊತ್ತಿನಲ್ಲಿ ಒಮ್ಮೆ ಅವರ ಫೋನಿನಿಂದ ಅಂಥದೇ ಹಾಡು ಬಂತು. ಇದು ನಮ್ಮಮ್ಮನ ಹಾಡು ಎಂದೆ. ಅವರು ನಂಬಲಿಲ್ಲ. ನಾನೇ ಗುನುಗಿದ ಮೇಲೆ ತಟ್ಟೆ ಬದಿಗಿಟ್ಟು, "ಐಯಾ, ನಿನ್ನ ಮದರ್ ನನ್ನ ಕೈಂಡ್ ಲಾ! ನೆಕ್ಸ್ಟ್ ಮಂತ್ ನಮ್ಮ ಕಡೆ ಒಂದು ಫಾರ್ಮ್‌ನಲ್ಲಿ ಫೆಸ್ಟಿವಲ್ ಇದೆ, ಓಪನ್ ಏರ್. ಕರ್ಕೊಂಡು ಬಾ ಲಾ, ನಾನು ಕಾರ್ ತರ್ತೀನಿ" ಎಂದರು.

ರೂಮಿಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಕುರ್ಚಿ ಕೊಡ್ತಾರಾ?"

"ನಾವೇ ತಗೊಂಡು ಹೋಗಬೇಕು."

"ಹಂಗಾದ್ರೆ ಒರಗೋದಿರೋದು ತಗೊ."

ದಿನವಿಡೀ ಲಾರಿಗಳಿಗೆ ಪ್ಲ್ಯಾನ್ ಮಾಡಿ ಬಂದು ರಾತ್ರಿ ಮತ್ತೆ ಪ್ಲ್ಯಾನ್ ಮಾಡುವುದು ಎಂದರೆ ಏನೆಂದು ಮಾಡಿದವರಿಗೇ ಗೊತ್ತು. ಹಾಡಿನ ಹಬ್ಬ ಶನಿವಾರ, ಘಟಿಕೋತ್ಸವ ಅದರ ಮುಂದಿನ ಬುಧವಾರ, ಅದಾದ ಮೇಲೆ ಅಮ್ಮ ಊರಿಗೆ. ಎಲ್ಲವೂ ಸಾಲಾಗಿ ಕೂತಿದ್ದವು. ಮಡಚುವ ಕುರ್ಚಿ ಕೊಂಡೆ. ಮಳೆ ಬಂದರೆ ರೇನ್‌ಕೋಟು, ಅಲ್ಲಿ ನಮ್ಮ ಊಟ ಸಿಗದಿದ್ದರೆ ಪುಳಿಯೋಗರೆ, ಕಕ್ಕಸು ಎಷ್ಟು ದೂರ ಎಂದು ಅಂಕಲ್‌ಗೆ ನಾಚಿಕೆ ಬಿಟ್ಟು ಫೋನು. ಇಲ್ಲಿಯವರಿಗಾದರೆ ಪಾಸ್‌ಪೋರ್ಟ್ ಹಿಡಿದು ಬಸ್ ಹತ್ತಿದರೆ ಮುಗಿಯಿತು. ಇಂಡಿಯಾದ ಪಾಸ್‌ಪೋರ್ಟಿನ ನಮ್ಮಂಥವರಿಗೆ ಆಗಿನ್ನೂ ಮಲೇಷ್ಯಾ ವೀಸಾ ಬೇಕಿತ್ತು. ಅರ್ಧ ದಿನ ರಜ ಹಾಕಿ ವೀಸಾ ಏಜೆಂಟಿನ ಆಫೀಸಿನಲ್ಲಿ ಅರ್ಜಿ ಕೊಟ್ಟೆ, ಇನ್ನೊಂದು ಅರ್ಧ ದಿನ ರಜ ಹಾಕಿ ತರಲು ಹೋದೆ.

ಕೌಂಟರಿನ ಹುಡುಗಿ ಎರಡೂ ಪಾಸ್‌ಪೋರ್ಟ್ ಕೊಟ್ಟಳು. ಆಮೇಲೆ ಮಾತಿಗೆಂಬಂತೆ ಕೇಳಿದಳು, ನಿಮ್ಮ ತಾಯಿ ಅಲ್ಲಿಂದಲೇ ಇಂಡಿಯಾಕ್ಕೆ ಹೋಗುತ್ತಾರಾ ಎಂದು. ಇಲ್ಲ, ಅದೇ ದಿನ ವಾಪಸ್ ಬರುತ್ತಾರೆ ಎಂದೆ. ಆಗುವುದಿಲ್ಲವೆಂದು ಅವಳು ತಲೆಯಾಡಿಸಿದಳು. ಅಮ್ಮನ ಸಿಂಗಾಪುರದ ವೀಸಾ ಒಂದೇ ಸಲದ ಪ್ರವೇಶಕ್ಕೆ. ಗಡಿ ದಾಟಿದರೆ ಮತ್ತೆ ಸಿಂಗಾಪುರದೊಳಗೆ ಬಿಡುವುದಿಲ್ಲ. ಹೊಸದಕ್ಕೆ ಅರ್ಜಿ ಹಾಕಬಹುದು, ಬುಧವಾರದೊಳಗೆ ಬರುತ್ತದೆಂದು ಯಾರೂ ಹೇಳಲಾರರು.

ಆ ವೀಸಾ ಮಾಡಿಸಿದವನು ತಮ್ಮ. ಅಲ್ಲೇ ನಿಂತು ಫೋನ್ ಮಾಡಿದೆ.

"ಏನಕ್ಕ, ಒಂದು ಸಲ ಹೋಗಿ ಬರೋದಕ್ಕೆ ಒಂದು ಸಲದ್ದೇ ಸಾಕು ಅಂದೆ. ಎರಡನೇ ಸಲ ಯಾಕೆ ಬೇಕು? ಅವಳೇನು ವ್ಯಾಪಾರಕ್ಕೆ ಹೋಗ್ತಾಳಾ?" ಎಂದ. ಬೈಯಲು ನನ್ನಲ್ಲಿ ಶಕ್ತಿ ಇರಲಿಲ್ಲ.

ಹಾಗಾಗಿ ಮಾತು ಇಷ್ಟಕ್ಕೆ ಬಂತು: ಅಮ್ಮ ಹಾಡು ಕೇಳಿದರೆ ನನ್ನ ಡಿಗ್ರಿ ನೋಡುವಂತಿಲ್ಲ, ಡಿಗ್ರಿ ನೋಡಿದರೆ ಹಾಡಿಲ್ಲ. ರೂಮಿಗೆ ಬರುವ ದಾರಿಯಲ್ಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಅಮ್ಮ ಹುರುಳಿಕಾಯಿ ಸೋಸುತ್ತ ಕೂತಿದ್ದಳು. ವಿಷಯ ಹೇಳಿ, "ಹಾಡು ಕ್ಯಾನ್ಸಲ್ ಅಮ್ಮ" ಎಂದೆ.

ಅವಳು ಹುರುಳಿಕಾಯಿ ಬಿಡಲಿಲ್ಲ. "ಆ ಫಂಕ್ಷನ್‌ನಲ್ಲಿ ನಿನ್ನನ್ನ ಎಷ್ಟು ಹೊತ್ತು ನಿಲ್ಲಿಸ್ತಾರೆ?"

"ಹೆಸರು ಕರೀತಾರೆ, ಹೋಗಿ ಇಸ್ಕೊಂಡು ಬರೋದು. ಒಂದು ನಿಮಿಷನೂ ಆಗಲ್ಲ."

"ಹಾಡು?"

"ಮಧ್ಯಾಹ್ನದಿಂದ ಕತ್ತಲಾಗೋವರೆಗೂ."

"ಮತ್ತಿನ್ನೇನು ಕೇಳ್ತೀಯಾ?" ಎಂದಳು ಅಮ್ಮ.

ಇಷ್ಟು ವರ್ಷ ಯಾರಿಗೆ ತೋರಿಸಲು ನಿದ್ದೆಗೆಟ್ಟೆ? "ನಿನಗೆ ನನ್ನ ಡಿಗ್ರಿ ಅಂದ್ರೆ ಅಷ್ಟೇನಾ?" ಎಂದು ಕೇಳಿಯೇಬಿಟ್ಟೆ.

ಅಮ್ಮ ಈಗ ತಲೆ ಎತ್ತಿದಳು. "ನೀನು ಓದಿದ್ದು ನಾನು ನೋಡಿವ್ನಿ ಅಮ್ಮಣ್ಣಿ. ಫೋನಲ್ಲಿ ಮಾತಾಡ್ತಾ ಮಾತಾಡ್ತಾ ತೂಕಡಿಸ್ತಿದ್ದೆ. ನಾನು ಹಲೋ ಹಲೋ ಅಂದು ಇಡ್ತಿದ್ದೆ. ಓದಿದ್ದು ನೋಡಿದ ಮೇಲೆ ಕೊಡೋದು ನೋಡೋಕೆ ಏನೈತೆ? ಯಾರೋ ಕೊಡ್ತಾರೆ, ನೀನು ಇಸ್ಕೊಂತೀಯ. ಆ ಹಾಡು ನಾನು ನಿಂತ್ಕೊಂಡೇ ಕೇಳಿದ್ದು. ಒಂದು ದಿನ ಕೂತ್ಕೊಂಡು ಕೇಳ್ತೀನಿ."

ನಾನು ಆವತ್ತು ಸರಿಯಾಗಿ ಉಣ್ಣಲಿಲ್ಲ. ಮಾರನೆಯ ದಿನ ಎದ್ದು ಎಲ್ಲವನ್ನೂ ಮೊದಲಿನಿಂದ ಪ್ಲ್ಯಾನ್ ಮಾಡಿದೆ. ಅಮ್ಮನ ಟಿಕೆಟ್ ಬದಲಾಯಿಸಿ ಕೌಲಾಲಂಪುರದಿಂದ ಭಾನುವಾರ ಬೆಂಗಳೂರಿಗೆ ಮಾಡಿದೆ. ಹಬ್ಬದ ಬಯಲಿನ ಹತ್ತಿರದಿಂದ ಕೌಲಾಲಂಪುರಕ್ಕೆ ಹೋಗುವ ಬಸ್ಸು ಹುಡುಕಿದೆ. ಅಂದರೆ ಅಮ್ಮನ ಸಾಮಾನೆಲ್ಲ ನಮ್ಮ ಜೊತೆಗೇ ಹೊರಡಬೇಕು.

ಹಾಗೆ ನಾವು ಶನಿವಾರ ಬೆಳಿಗ್ಗೆ ದೊಡ್ಡ ಸೂಟ್‌ಕೇಸು, ಚೀಲ, ಮಡಚಿದ ಕುರ್ಚಿ ಹೊತ್ತು ವುಡ್‌ಲ್ಯಾಂಡ್ಸ್‌ನಿಂದ ಗಡಿ ದಾಟಿದೆವು. ಆಚೆ ಕಡೆ ಅಂಕಲ್ ದೊಡ್ಡ ಟೋಪಿ ಹಾಕಿಕೊಂಡು ಕಾರು ತಂದಿದ್ದರು. ಸೂಟ್‌ಕೇಸ್ ನೋಡಿ, "ಆಂಟಿ, ಇಲ್ಲೇ ಸೆಟಲ್ ಆಗ್ತೀರಾ?" ಎಂದು ನಕ್ಕರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ, "ಊಟ ಚೆನ್ನಾಗಿದ್ರೆ ನೋಡೋಣ ಅನ್ನು" ಎಂದಳು.

ಬಯಲಿನ ಹುಲ್ಲಿನ ಮೇಲೆ ಕುರ್ಚಿ ಬಿಡಿಸಿ, ಸೂಟ್‌ಕೇಸಿನ ಮೇಲೆ ಕಾಲು ಚಾಚಿ, ಸೀರೆ ಉಟ್ಟ ಅಮ್ಮ ಒರಗಿ ಕೂತಳು. ಮೊದಲ ಪಿಟೀಲು ಏಳುತ್ತಿದ್ದಂತೆ ಅವಳ ಹೆಬ್ಬೆರಳು ಕುಣಿಯತೊಡಗಿತು. ಅಷ್ಟು ಕಂಡದ್ದು ನೆನಪಿದೆ. ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದ ನಾನು ಎರಡನೆಯ ಹಾಡಿಗೇ ನಿದ್ದೆ ಹೋದೆ. ಎಚ್ಚರಾದಾಗ ಬಿಸಿಲು ಇಳಿದಿತ್ತು, ನನ್ನ ಮುಖದ ಮೇಲೆ ಅಮ್ಮನ ಟವೆಲ್ಲಿತ್ತು, ಅಮ್ಮ ಬೇರೆ ಯಾರದೋ ಗುಂಪಿನ ಜೊತೆ ಕೈ ತಟ್ಟುತ್ತಿದ್ದಳು. ಎಬ್ಬಿಸಲಿಲ್ಲವೇಕೆ ಎಂದರೆ, "ನಿನಗೆ ಹಾಡು ಬೇಕಾಗಿರ್ಲಿಲ್ಲ" ಎಂದಳು.

ಭಾನುವಾರ ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯವನು ಅವಳನ್ನು ತಳ್ಳಿಕೊಂಡು ಹೋದ. ನನ್ನಲ್ಲಿದ್ದ ಸಿಟ್ಟು ಪೂರ್ತಿ ಹೋಗಿರಲಿಲ್ಲ, ಹೋಗಿತ್ತು ಎಂದರೆ ಸುಳ್ಳಾಗುತ್ತದೆ.

ಬುಧವಾರ ಕರಿ ಗೌನು ತೊಟ್ಟು ಸಾಲಿನಲ್ಲಿ ನಿಂತೆ. ಸುತ್ತಲೂ ಅವರವರ ಮನೆಯವರು, ಹೂವು, ಫೋಟೋ. ಹೆಸರು ಕರೆದರು. ಮೆಟ್ಟಿಲು ಹತ್ತಿದೆ, ಒಬ್ಬರು ಕೈಕುಲುಕಿ ಪ್ರಮಾಣಪತ್ರ ಕೊಟ್ಟರು, ಇಳಿದೆ. ಅಮ್ಮನ ಲೆಕ್ಕ ತಪ್ಪಿರಲಿಲ್ಲ, ಒಂದು ನಿಮಿಷವೂ ಆಗಲಿಲ್ಲ.

ಹೊರಗೆ ಬಂದು ಅಮ್ಮನಿಗೆ ವೀಡಿಯೊ ಕಾಲ್ ಮಾಡಿ ಪ್ರಮಾಣಪತ್ರವನ್ನು ಕ್ಯಾಮೆರಾದ ಮುಂದೆ ಹಿಡಿದೆ. ಅಮ್ಮ ಸುಮಾರು ಹೊತ್ತು ನೋಡಿದಳು. ಓದಲು ಬಾರದವಳು ಅಷ್ಟು ಹೊತ್ತು ಏನು ನೋಡಿದಳೋ. ಆಮೇಲೆ ಕೇಳಿದಳು:

"ಸಿಕ್ತಲ್ಲ. ಇನ್ಮೇಲೆ ಓದೋದೂ ಇಲ್ಲ, ಸಾಯಂಕಾಲ ಕೆಲಸ ಬಿಟ್ಟ ಮೇಲೆ ಏನು ಮಾಡ್ತೀಯ ಅಮ್ಮಣ್ಣಿ?"