ಬೇಡ ಎನ್ನಲು ಅಂಗಡಿ ಇಟ್ಟಿದ್ದವರು

ಮೂರನೆಯ ಕಿಟ್‌ನ ಡಬ್ಬ ಬಿಚ್ಚಿದಾಗ ಶಾಂಪೂ ವಾಸನೆ ಬಂತು. ಒಳಗಿದ್ದದ್ದು ಪಿಸ್ಟನ್ನು, ಅದರ ರಿಂಗುಗಳು, ಪಿಸ್ಟನ್ ಓಡಾಡುವ ಕೊಳವೆಯಂಥ ಲೈನರು, ಇಂಜಿನ್ನಿನ ಸಂದು ಮುಚ್ಚುವ ಒಂದು ಹಿಡಿ ಗ್ಯಾಸ್ಕೆಟ್ಟು. ಅಪ್ಪ ಕೊಂಡಿದ್ದ, ಒಂದೇ ಸಿಲಿಂಡರಿನ ಪುಟ್ಟ ಟ್ರ್ಯಾಕ್ಟರನ್ನು ಮತ್ತೆ ಎಬ್ಬಿಸಬೇಕಾದ ಸಾಮಾನು. ದಾರಿಯಲ್ಲಿ ಯಾರ ಮನೆಯ ಶಾಂಪೂ ಜೊತೆ ಬಂತೋ! ಇಂಥ ಡಬ್ಬದಿಂದ ಬರಬೇಕಾದದ್ದು ಮೇಣದ ಕಾಗದಕ್ಕೆ ಹತ್ತಿದ ಗ್ರೀಸಿನ ವಾಸನೆ. ಅದಿಲ್ಲದ್ದರಿಂದಲೇ ಅವರು ನೆನಪಾದರು... ಯಶವಂತಪುರದ ಬಿಡಿಭಾಗಗಳ ಅಂಗಡಿಯವರು.

ಕಿಟ್ ಬೇಕಿದ್ದದ್ದು ಅಕ್ಕನಿಗೆ. ರಾಜಾನುಕುಂಟೆಯ ನಮ್ಮ ಎರಡು ಎಕರೆಯಲ್ಲಿ ಅವಳು ಇವತ್ತಿಗೂ ರಾಗಿ ಬೆಳೆಯುತ್ತಾಳೆ. ಸುತ್ತ ಲೇಔಟುಗಳ ಕಾಂಪೌಂಡು ಎದ್ದು, ಹೊಲಕ್ಕೆ ಹೋಗಲು ಉಳಿದಿರುವುದು ಐದಡಿ ಅಗಲದ ಓಣಿ. ಬಾಡಿಗೆಯ ದೊಡ್ಡ ಟ್ರ್ಯಾಕ್ಟರು ಅದರಲ್ಲಿ ನುಗ್ಗುವುದಿಲ್ಲ. ಕೈಯಲ್ಲಿ ಹಿಡಿದು ಉಳುವ ಟಿಲ್ಲರ್ ಊರಿಗೆ ಒಂದಿತ್ತು, ಅದೂ ಮಾರಿಹೋಗಿದೆ. ನಮ್ಮ ಈ ಪುಟ್ಟದ್ದು ಮಾತ್ರ ಹೋಗಬಲ್ಲದು, ಅದರ ಇಂಜಿನ್ನು ಸವೆದು ಕೂತಿದೆ. ಮಳೆ ಬಿದ್ದಾಗಿದೆ. ಈ ಹದದಲ್ಲಿ ಉಳದಿದ್ದರೆ ಈ ವರ್ಷ ರಾಗಿ ಇಲ್ಲ.

ಅಂಗಡಿಯವರ ಮುಖ ನೆನಪಿಲ್ಲ. ದಪ್ಪ ಕನ್ನಡಕ ಇತ್ತು ಎಂದು ಬರೆದು ಹೊಡೆದುಹಾಕಿದೆ. ಆ ಕನ್ನಡಕ ನನ್ನ ಗಣಿತದ ಮೇಷ್ಟ್ರದ್ದು. ಕೈ ಮಾತ್ರ ಖಚಿತ. ಗಿರಾಕಿಯ ಎದುರಿಗೇ ಡಬ್ಬ ಒಡೆಯುತ್ತಿದ್ದರು. ರಿಂಗನ್ನು ಲೈನರಿನೊಳಗೆ ಇಳಿಸಿ, ಲೈನರನ್ನು ದುರ್ಬೀನಿನ ಹಾಗೆ ಬೀದಿಯ ಬೆಳಕಿಗೆ ಹಿಡಿಯುತ್ತಿದ್ದರು. ರಿಂಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ನುಸುಳಿದರೂ "ಬೇಡ." ಆಮೇಲೆ ಬರೀ ಪಿಸ್ಟನ್ನನ್ನು ಲೈನರಿನ ಬಾಯಿಗಿಟ್ಟು ಕೈ ಬಿಡುತ್ತಿದ್ದರು. ಅದು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಜಾರಬೇಕು. ದಡಕ್ಕನೆ ಬಿದ್ದರೂ ಬೇಡ, ನಡುವೆ ನಿಂತರೂ ಬೇಡ. ಮೂರು ಕಿಟ್ ಒಡೆದು ಒಂದು ಒಳ್ಳೆಯ ಕಿಟ್ ಮಾಡುವುದು ಅವರ ವ್ಯಾಪಾರ.

ಆಗಿನ್ನೂ ನಾನು ಹುಡುಗ, ಕಿಟ್ ತರಲು ಅಪ್ಪ ಕಳಿಸುತ್ತಿದ್ದ. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಎರಡು ಬಸ್ಸು ಬದಲಿಸಿ ಹೋದರೆ, "ಹಳೇ ಪಿಸ್ಟನ್ ಎಲ್ಲಿ? ಅದಿಲ್ದೆ ಏನಂತ ಕೊಡ್ಲಿ?" ಮಾರನೆಯ ದಿನ ಪಿಸ್ಟನ್ ಒಯ್ದರೆ, "ಲೈನರ್ರೂ ಬಿಚ್ಕೊಂಡ್ ಬಾರಪ್ಪ." ಮೂರನೆಯ ದಿನ ಎಲ್ಲವನ್ನೂ ಗೋಣಿಚೀಲದಲ್ಲಿ ಹೊತ್ತೊಯ್ದೆ. ಒಂದು ಗಂಟೆ ಡಬ್ಬ ಒಡೆದು ಒಡೆದು, ಇರುವುದು ಯಾವುದೂ ಸರಿಯಿಲ್ಲ, ಸೋಮವಾರ ಬಾ ಎಂದರು.

"ಬಿತ್ತನೆ ನಿಂತೋಗುತ್ತೆ ಸಾರ್. ಯಾವ್ದೋ ಒಂದ್ ಕೊಟ್ಬಿಡಿ."

"ಯಾವ್ದೋ ಒಂದ್ ಬೇಕಂದ್ರೆ ಬದನೆಕಾಯಿ ತಗೊಂಡ್ ಹೋಗು. ಇಲ್ ಯಾಕ್ ಬಂದೆ?"

ಪಕ್ಕದ ಬೀದಿಯಲ್ಲಿ ಸೀಲು ಮುರಿಯದ ಕಿಟ್ ಐದು ನಿಮಿಷಕ್ಕೆ ಸಿಕ್ಕಿತು. ಹೊಲದಲ್ಲಿ ಇಂಜಿನ್ ಬಿಸಿಯೇರಿದ್ದೇ ತಡ, ಪಿಸ್ಟನ್ನು ಲೈನರನ್ನು ಕಚ್ಚಿಕೊಂಡು ನಿಂತಿತು. ಕಿಟ್ ಎಲ್ಲಿಯದೆಂದು ಅಪ್ಪ ಕೇಳಿದ. ಬಯ್ಗುಳಕ್ಕೆ ಹೆದರಿ, ಯಶವಂತಪುರದವರೇ ಕೊಟ್ಟದ್ದು ಎಂದುಬಿಟ್ಟೆ. ಅಪ್ಪ ನನ್ನನ್ನೂ ಅಕ್ಕನನ್ನೂ ಎಳೆದುಕೊಂಡು ಹೋಗಿ ಅಂಗಡಿಯ ಮುಂದೆ ಕೂಗಾಡಿದ. ಅವರು ನನ್ನನ್ನೊಮ್ಮೆ ನೋಡಿದರು. ಏನೂ ಹೇಳದೆ ಬೇರೆ ಕಿಟ್ ಆರಿಸಿ ಕೊಟ್ಟರು...

ಹೀಗೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಆ ನೋಟಕ್ಕೆ ಒಳ್ಳೆಯ ಪಾಲಿಶ್ ಬಂದಿದೆ. ಮೊನ್ನೆ ಅಕ್ಕನೆದುರು ಹೇಳಿದಾಗ ಅವಳು ನಕ್ಕಳು.

"ಸುಮ್ನಿದ್ರಾ? ನಿನ್ ತಲೆ. 'ನಿಮ್ ಮಗ ಸುಳ್ಳ, ಇದು ನನ್ ಅಂಗ್ಡಿ ಮಾಲೇ ಅಲ್ಲ' ಅಂತ ಬೀದೀಗೆಲ್ಲಾ ಕೇಳಂಗೆ ಕೂಗುದ್ರು. ನೀನು ಗೊಳೋ ಅಂತ ಅತ್ಬಿಟ್ಟೆ ಕಣೋ."

ಅತ್ತದ್ದು ನನಗೆ ನೆನಪಿಲ್ಲ. ಆದರೆ ಬಯ್ಯುತ್ತ ಬಯ್ಯುತ್ತಲೇ ಅವರು ಡಬ್ಬ ಒಡೆಯುತ್ತ ಹೋಗಿ, ಕೊನೆಗೆ ಒಂದು ಕಿಟ್ ಜೋಡಿಸಿ ಕೊಟ್ಟದ್ದನ್ನು ಅಕ್ಕನೂ ಒಪ್ಪುತ್ತಾಳೆ. ಆ ಪಿಸ್ಟನ್ನು ಹೋದ ವರ್ಷದವರೆಗೂ ಓಡಿತು.

ಈಗ ಟ್ರ್ಯಾಕ್ಟರು ಮಾಡಿದ ಕಂಪನಿಯೇ ಇಲ್ಲ. ಫೋನಿನಲ್ಲಿ ತರಿಸಿದ ಮೊದಲ ಕಿಟ್‌ನ ಗ್ಯಾಸ್ಕೆಟ್ಟಿನ ತೂತಿಗೂ ನಮ್ಮ ಇಂಜಿನ್ನಿನ ತೂತಿಗೂ ಸಂಬಂಧವಿರಲಿಲ್ಲ. ಎರಡನೆಯದರಲ್ಲಿ ಬಂದದ್ದು ಪಂಪ್‌ಸೆಟ್ಟಿನ ಪಿಸ್ಟನ್ನು. ನಡುವೆ ಯಶವಂತಪುರಕ್ಕೂ ಹೋಗಿಬಂದೆ. ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಿದ್ದರು. ಹಳೆಯ ಅಂಗಡಿಯವರು ತೀರಿಕೊಂಡು ವರ್ಷಗಳಾದವೆಂದು ಪಕ್ಕದ ಟೀ ಅಂಗಡಿಯಲ್ಲಿ ಹೇಳಿದರು. ಅಂದವಾದ ಕಥೆಯಾಗಿದ್ದರೆ ಅಟ್ಟದ ಮೇಲೆ ಧೂಳು ಹಿಡಿದ ಒಂದು ಡಬ್ಬ ಸಿಗಬೇಕಿತ್ತು. ಹೋಗಿ ನೋಡಿದೆ, ಅಟ್ಟವೇ ಇರಲಿಲ್ಲ.

ಇನ್ನು ಈ ಮೂರನೆಯದು. ಕೊಟ್ಟಿಗೆಯ ಬಾಗಿಲಲ್ಲಿ ಲೈನರನ್ನು ಬೆಳಕಿಗೆ ಹಿಡಿದೆ. ರಿಂಗಿನ ಒಂದು ಮಗ್ಗುಲಿಗೆ ಬಿದಿಗೆ ಚಂದ್ರನಷ್ಟು ಬೆಳಕು. ಪಿಸ್ಟನ್ ಇಳಿಬಿಟ್ಟರೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ತೆಗೆಯಲು ಮರದ ಸುತ್ತಿಗೆ ಬೇಕಾಯಿತು. ಕೊಳವೆ ದುಂಡಗೇ ಇಲ್ಲ. ಮಾರಿದವನಿಗೆ ಫೋನು ಮಾಡಿದೆ.

"ಗುರುಗಳೇ, ಬೆಳಕಿಗ್ ಹಿಡಿಯೋಕೆ ಅದೇನ್ ಎಕ್ಸ್‌ರೇನಾ? ಹಾಕಿ ಓಡ್ಸಿ. ಓಡ್ತಾ ಓಡ್ತಾ ತಾನೇ ದುಂಡಗಾಗುತ್ತೆ."

ಪಕ್ಕದಲ್ಲೇ ನಿಂತಿದ್ದ ಅಕ್ಕನಿಗೆ, "ಇದೂ ಬೇಡ. ಐದು ಸಾಲೂ ಬರಲ್ಲ" ಎಂದೆ. ಹೇಳುವಾಗ ನನ್ನ ದನಿಯಲ್ಲಿ ಅವರ ಗತ್ತು ಇತ್ತೇನೋ.

ಅಕ್ಕ ಸಿಡುಕಿದಳು. "ಅವ್ರು ಬೇಡ ಅಂದ್ರೆ ಇನ್ನೊಂದ್ ತೆಗ್ದು ಕೊಡೋರು. ನೀನು ಇಂಗೆ ಬರೀ ಬೇಡ ಅಂತೀಯ. ಅದ್ನ ನಾನೂ ಅಂತೀನಿ, ಬುಡು."

ಅವರ ಬೆನ್ನ ಹಿಂದೆ ನೆಲದಿಂದ ಸೂರಿನವರೆಗೆ ಡಬ್ಬಗಳಿದ್ದವು. ನನ್ನ ಬೆನ್ನ ಹಿಂದೆ ಇದ್ದದ್ದು ಕೊಟ್ಟಿಗೆ, ಒಂದು ಬಿಚ್ಚಿದ ಇಂಜಿನ್ನು.

ಅಕ್ಕ ಗುದ್ದಲಿ ತೆಗೆದುಕೊಂಡು ಓಣಿಯಲ್ಲಿ ನಡೆದಳು. ಕಾಲು ಎಕರೆಯಾದರೂ ಆಗಲಿ, ಬೀಜದ ರಾಗಿಯಾದರೂ ಉಳಿಯಲಿ ಎಂದಳು. ನಾನೂ ಇನ್ನೊಂದು ಗುದ್ದಲಿ ಹಿಡಿದು ಹಿಂದೆ ಹೋದೆ. ಮಧ್ಯಾಹ್ನ ಸೊಂಟ ನೆಟ್ಟಗೆ ಮಾಡಿ ನೋಡಿದಾಗ, ನಾವಿಬ್ಬರೂ ಸೇರಿ ಅಗೆದಿದ್ದದ್ದು ಸಾಲಿನ ಕೊನೆಯಲ್ಲಿ ಟ್ರ್ಯಾಕ್ಟರು ತಿರುಗಿಕೊಳ್ಳುವಷ್ಟು ಜಾಗ.